ತೊಗರಿ ಕಡ್ಡಿ, ಸೈಕಲ್ ಟ್ಯೂಬು ಮತ್ತು 300ರಲ್ಲಿ 148

ನಾಲ್ಕನೇ ತರಗತಿಗೆ ಗುಂಪು ಕಲಿಕೆ ನಡೆಯಲ್ಲ ಅಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ (ಸರ್ಕಾರಿ ಶಾಲೆಯಲ್ಲಿ ಮಕ್ಕಳು ಗುಂಪಾಗಿ ಕೂತು ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ) ನಮ್ಮಲ್ಲಿ ಮೂರನೇ ತರಗತಿಗೆ ಮುಗಿಯುತ್ತೆ. ಅಲ್ಲಿಯವರೆಗೆ ಕಾರ್ಡು ಹಿಡಿದು ಗದ್ದಲ ಮಾಡುತ್ತಿದ್ದ ಮಕ್ಕಳು ನಾಲ್ಕಕ್ಕೆ ಬಂದು ಸಾಲಾಗಿ ಕೂತ ಕೂಡಲೇ ಬಾಯಿ ಮುಚ್ಚುತ್ತಾರೆ. ನಾನಿರುವುದು ಇಂಡಿ ತಾಲ್ಲೂಕಿನಲ್ಲಿ. ಮಕ್ಕಳನ್ನು ಮತ್ತೆ ಗುಂಪಾಗಿ ನೆಲಕ್ಕೆ ಕೂರಿಸಿದೆ. "ಸರ್, ಪಾಠ ಯಾವಾಗ ಮುಗಸ್ತೀರಿ?" ಅಂತ ಸ್ಟಾಫ್ ರೂಮಿನಲ್ಲಿ ನಗು.

ಗಣಿತ ಕಿಟ್ ಇರುವುದು ಒಂದೇ, ಮಕ್ಕಳು ಮೂವತ್ತರ ಹತ್ತಿರ. ಎಣಿಸಿ ಲೆಕ್ಕ ಮಾಡಲು ವಿಜಯಪುರದಿಂದ ಐಸ್‌ಕ್ರೀಮ್ ಕಡ್ಡಿ ತಂದೆ, ಆರುನೂರು ರೂಪಾಯಿ ಆಗಿರಬೇಕು, ಕೈಯಿಂದಲೇ. ದಸರಾ ರಜೆ ಮುಗಿಯುವಷ್ಟರಲ್ಲಿ ಅರ್ಧ ಮಾಯ. ಆಮೇಲೆ ಜೋಳದ ದಂಟು ಕತ್ತರಿಸಿದೆವು. ಪುಕ್ಕಟೆ ಸಿಕ್ಕಿತು, ಆದರೆ ಇಲಿ ಬಿಡಬೇಕಲ್ಲ! ಉಳಿದ ದಂಟಿನ ಬೆಂಡಿನಲ್ಲಿ ಮಕ್ಕಳು ಚಕ್ಕಡಿ ಮಾಡಿದರು. ಗಾಲಿಯಿಂದ ಮಾತು ಬಂದು ಬಳೆ, ಡಬ್ಬಿ ಮುಚ್ಚಳಕ್ಕೆಲ್ಲ ದಾರ ಸುತ್ತಿ ಅಳೆದರು. ಯಾವುದನ್ನು ಅಳೆದರೂ ಸುತ್ತಳತೆ ಅಡ್ಡಳತೆಯ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬರುತ್ತೆ ಅಂತ ಒಬ್ಬಳು ಕಂಡುಹಿಡಿದಳು. ಅದು ಪಠ್ಯದಲ್ಲಿಲ್ಲ, ಇರಲಿ.

ಕೊನೆಗೆ ಬಾಳಿಕೆ ಬಂದದ್ದು ತೊಗರಿ ಕಟ್ಟಿಗೆ. ರಾಶಿ ಮುಗಿದ ಮೇಲೆ ಹೊಲದಲ್ಲಿ ಬೇಕಾದಷ್ಟು ಸಿಗುತ್ತೆ. ತೆಳ್ಳನೆ ಟೊಂಗೆಗಳನ್ನು ಅರ್ಧ ಗೇಣಿಗೆ ಕತ್ತರಿಸಿದೆ, ಒಂದು ಗುಂಪಿಗೆ ಮುನ್ನೂರು ಚಿಲ್ಲರೆ. ಹತ್ತರ ಸೂಡು ಕಟ್ಟಲು ತಂದ ರಬ್ಬರ್ ಬ್ಯಾಂಡು ಮಾರ್ಚ್ ಬಿಸಿಲಿಗೆ ಪಟಪಟ ಹರಿದವು. ಪಂಕ್ಚರ್ ಅಂಗಡಿಯವರು ಎಸೆಯುವ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ ಹಾಕಿದೆ. ನೂರರ ಸೂಡಿಗೆ ಬೈಕ್ ಟ್ಯೂಬು. ಒಂದೂ ಹರಿದಿಲ್ಲ, ಖರ್ಚೂ ಇಲ್ಲ.

ಸಾಮಾನು ಬಂತು, ಗುಂಪು ಮಾತ್ರ ಆಗಲಿಲ್ಲ. ಒಬ್ಬ ಜಾಣ ಎಲ್ಲ ಮಾಡುವುದು, ಮೂವರು ನೋಡುವುದು. ನಿಮ್ಮಲ್ಲೂ ಹೀಗೇ ಅಲ್ವಾ? ಆಗ ಕಡ್ಡಿಯನ್ನೇ ಹಂಚಿಬಿಟ್ಟೆ. ಬಿಡಿ ಕಡ್ಡಿ ಒಬ್ಬರ ಹತ್ತಿರ, ಹತ್ತರ ಸೂಡು ಇನ್ನೊಬ್ಬರ ಹತ್ತಿರ, ನೂರರದು ಮತ್ತೊಬ್ಬರ ಹತ್ತಿರ. ನಾಲ್ಕನೆಯವರು ಕಂಡದ್ದನ್ನಷ್ಟೇ ಬರೆಯಬೇಕು, ಕಡ್ಡಿ ಮುಟ್ಟುವಂತಿಲ್ಲ. ಬಿಚ್ಚಿದವರೇ ಎಣಿಸಿ ಕೊಡಬೇಕು. ಪ್ರತಿ ಲೆಕ್ಕಕ್ಕೂ ಜಾಗ ಬದಲು.

300ರಲ್ಲಿ 148 ಕಳೆಯಿರಿ ಅಂದೆ. ಬಿಡಿಯ ಹುಡುಗನ ಕೈ ಖಾಲಿ. ಎಂಟು ಕೊಡಬೇಕು. "ಒಂದು ಸೂಡು ಬಿಚ್ಚಲೇ" ಅಂದ. ಹತ್ತರ ಸೂಡಿನವನು, "ನನ್ನ ಹತ್ರನೂ ಇಲ್ಲಲೇ, ಅಕೀನ್ನ ಕೇಳು." ನೂರರ ಹುಡುಗಿ ಸುಲಭಕ್ಕೆ ಬಿಚ್ಚಲೊಲ್ಲಳು, ಪೂರಾ ನೂರು ಹೋಗುತ್ತಲ್ಲ! ಸ್ವಲ್ಪ ಜಗಳ ಆಗಿ ಬಿಚ್ಚಿ ಹತ್ತು ಸೂಡು ಕೊಟ್ಟಳು. ಅವನು ಒಂದನ್ನು ಬಿಚ್ಚಿ ಕೊಟ್ಟು ಒಂಬತ್ತು ಉಳಿಸಿಕೊಂಡ. ಬೋರ್ಡಿನಲ್ಲಿ ಎಷ್ಟು ಗೀಚಿದರೂ ತಲೆಗೆ ಹೋಗದ ಆ ಒಂಬತ್ತು ಅವನ ಮಡಿಲಲ್ಲೇ ಇತ್ತು. ಉತ್ತರ 152, ನಾನು ಬಾಯಿಬಿಡಲಿಲ್ಲ.

ಹೀಗೆ ಸೊನ್ನೆ ಇರುವ ಕಳೆಯುವ ಲೆಕ್ಕ ಮೊದಲು ಏಳೆಂಟು ಮಕ್ಕಳಿಗೆ ಮಾತ್ರ ಬರುತ್ತಿತ್ತು. ಈ ಸಲ ಮೂರ್ನಾಲ್ಕು ಮಕ್ಕಳು ಬಿಟ್ಟರೆ ಎಲ್ಲರೂ ಮಾಡಿದರು. ಯಾರನ್ನು ಯಾರ ಜೊತೆ ಕೂರಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ, ಸುಮ್ನೆ ಹಾಜರಿ ಪುಸ್ತಕ ನೋಡಿ ಮಾಡಿದರೆ ಕೆಡುತ್ತೆ.

ಭಾಗಾಕಾರ ಇನ್ನೂ ಕೂತಿಲ್ಲ. 156ನ್ನು ನಾಲ್ವರಿಗೆ ಹಂಚಲು ಕೊಡುವವರು ಮೂವರು, ತಗೊಳ್ಳುವವರು ನಾಲ್ವರು ಬೇಕು. ಎರಡು ಗುಂಪು ಕೂಡಿಸಿದರೆ ಬರೀ ಗದ್ದಲ. ಈಗ ತಗೊಳ್ಳುವವರ ಬದಲು ನಾಲ್ಕು ತಟ್ಟೆ ಇಟ್ಟು ನೋಡುತ್ತಿದ್ದೇನೆ. ಬಿಸಿಯೂಟದ ತಟ್ಟೆಗಳು, ಹಾಗಾಗಿ ಊಟದ ಗಂಟೆಯೊಳಗೆ ಲೆಕ್ಕ ಮುಗಿಸಿ ತೊಳೆದು ಕೊಡಬೇಕು.