4 ಜಿಬಿ ಲ್ಯಾಪ್‌ಟಾಪ್‌, ಲಿನಕ್ಸ್ ಕಲಿಕೆ ಮತ್ತು ಒಂದು ಹಳೆಯ ಕಂಪ್ಯೂಟರ್

4 ಜಿಬಿ ರ್‍ಯಾಮ್‌ನ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಕಲಿಯಲೆಂದು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರ್) ಒಳಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ತೆರೆದರೆ ಮೌಸ್ ಬಾಣವೂ ತಡವರಿಸುತ್ತಿತ್ತು. ಬಯಾಸ್‌ನಲ್ಲಿ (ಕಂಪ್ಯೂಟರಿನ ಆರಂಭಿಕ ಸೆಟ್ಟಿಂಗ್‌ಗಳಲ್ಲಿ) ವರ್ಚುವಲೈಸೇಶನ್ ಸಕ್ರಿಯಗೊಳಿಸಿದ್ದು, 2 ಜಿಬಿ ಮೀಸಲಿಟ್ಟದ್ದು, ಹಗುರವಾದ ಡೆಸ್ಕ್‌ಟಾಪ್ ಹಾಕಿದ್ದು ಯಾವುದೂ ಫಲಿಸಲಿಲ್ಲ; ಎರಡು ವ್ಯವಸ್ಥೆಗಳು ಅಷ್ಟೇ ರ್‍ಯಾಮ್ ಹಂಚಿಕೊಳ್ಳುವಾಗ ಫಲಿಸುವುದೂ ಕಷ್ಟ.

ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಡೆಸ್ಕ್‌ಟಾಪ್ ಒಂದನ್ನು ಕೊಂಡೆ. ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್ 12ರ ಅನುಸ್ಥಾಪನೆಗೆ ಬೇಕಾದ ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಬರೆದು (ವೈಫೈ ಭಾಗವನ್ನು ನಡೆಸಲು ಬೇಕಾದ ತಂತ್ರಾಂಶ, ಅಂದರೆ ಫರ್ಮ್‌ವೇರ್, ಈ ಆವೃತ್ತಿಯಿಂದ ಅದರಲ್ಲೇ ಸೇರಿದೆ), ಬೂಟ್ ಕ್ರಮದಲ್ಲಿ ಯುಎಸ್‌ಬಿಯನ್ನು ಮೊದಲಿಗಿಟ್ಟು, ತಂತ್ರಾಂಶ ಆಯ್ಕೆಯ ಪರದೆಯಲ್ಲಿ ಡೆಸ್ಕ್‌ಟಾಪ್ ಪರಿಸರದ ಗುರುತನ್ನು ತೆಗೆದು 'ಎಸ್‌ಎಸ್‌ಎಚ್ ಸರ್ವರ್' (ಬೇರೆ ಕಂಪ್ಯೂಟರಿನಿಂದ ಜಾಲದ ಮೂಲಕ ಪ್ರವೇಶಿಸಲು) ಮತ್ತು 'ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್' ಎಂಬೆರಡನ್ನೇ ಉಳಿಸಿದೆ. ಬಳಿಕ ರೂಟರ್‌ನಲ್ಲಿ ಆ ಯಂತ್ರಕ್ಕೆ ಐಪಿ ವಿಳಾಸವನ್ನು (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕಾಯ್ದಿರಿಸಿ, ಮಾನಿಟರ್ ಕಳಚಿ, ಲ್ಯಾಪ್‌ಟಾಪಿನ ಪವರ್‌ಶೆಲ್‌ನಿಂದಲೇ (ವಿಂಡೋಸ್‌ನಲ್ಲಿ ಆದೇಶ ಬರೆಯುವ ಕಿಟಕಿ) ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸುತ್ತಿದ್ದೇನೆ. ವರ್ಚುವಲ್ ಮಷೀನ್‌ನಲ್ಲಿರುವಂಥ ಸ್ನ್ಯಾಪ್‌ಶಾಟ್ (ಇಡೀ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸುವ) ಸೌಲಭ್ಯ ಇಲ್ಲಿಲ್ಲವಾದ್ದರಿಂದ, ಪ್ರಯೋಗಕ್ಕೆ ಮೊದಲು ವ್ಯವಸ್ಥೆಯ ಸೆಟ್ಟಿಂಗ್‌ಗಳಿರುವ '/ಇಟಿಸಿ' (/etc) ಫೋಲ್ಡರ್‌ನ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದಿಡುತ್ತೇನೆ.