ಜೈಲಿನ ಬದಲು ಪ್ರೊಬೇಷನ್: ನ್ಯಾಯಾಲಯವನ್ನು ಕೋರುವ ಕ್ರಮ

ಆರೋಪ ಸಾಬೀತಾಗಿದೆ ಎಂದು ನ್ಯಾಯಾಧೀಶರು ಹೇಳಿದ ಮಾತ್ರಕ್ಕೆ ಆರೋಪಿ ಜೈಲಿಗೇ ಹೋಗಬೇಕೆಂದೇನೂ ಇಲ್ಲ. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ ಪ್ರಕಾರ, ದೋಷಿಯೆಂದು ತೀರ್ಮಾನವಾದ ವ್ಯಕ್ತಿಗೆ ಕೂಡಲೇ ಶಿಕ್ಷೆ ವಿಧಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳುಹಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇದೇ ಪ್ರೊಬೇಷನ್. ಶಿಕ್ಷೆಯ ಪ್ರಮಾಣದ ಬಗ್ಗೆ ನಡೆಯುವ ವಿಚಾರಣೆ ಎಷ್ಟೋ ಬಾರಿ ತೀರ್ಪಿನ ದಿನವೇ, ಕೆಲವು ನಿಮಿಷಗಳಲ್ಲಿ ಮುಗಿದುಹೋಗುವುದರಿಂದ, ಇದಕ್ಕೆ ಬೇಕಾದ ಸಿದ್ಧತೆಯನ್ನು ತೀರ್ಪಿನ ವಾಯಿದೆಗೆ ಮೊದಲೇ ಮುಗಿಸಿರಬೇಕು.

ಮೊದಲು, ಪ್ರಕರಣ ಈ ಕಾಯ್ದೆಯ ಯಾವ ಕಲಮಿನಡಿ ಬರುತ್ತದೆ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ. ಕಳವು, ವಂಚನೆಯಂಥ ಕೆಲವು ಹೆಸರಿಸಿದ ಅಪರಾಧಗಳಲ್ಲಿ ಅಥವಾ 2 ವರ್ಷ ಮೀರದ ಸಜೆಯಿರುವ ಅಪರಾಧಗಳಲ್ಲಿ, ಹಿಂದೆ ಶಿಕ್ಷೆಯಾಗಿರದವರನ್ನು 3ನೇ ಕಲಮಿನಡಿ ಕೇವಲ ಎಚ್ಚರಿಕೆ ನೀಡಿ ಬಿಡಬಹುದು. 4ನೇ ಕಲಮಿನ ವ್ಯಾಪ್ತಿ ಇದಕ್ಕಿಂತ ದೊಡ್ಡದು: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅವಕಾಶವಿಲ್ಲದ ಯಾವ ಅಪರಾಧಕ್ಕಾದರೂ ಅದು ಅನ್ವಯಿಸಬಲ್ಲದು, ಮತ್ತು ಹಿಂದೆ ಒಮ್ಮೆ ಶಿಕ್ಷೆಯಾಗಿತ್ತು ಎಂಬ ಒಂದೇ ಕಾರಣಕ್ಕೆ ಅದರ ಬಾಗಿಲು ಮುಚ್ಚುವುದಿಲ್ಲ. ಈ ಕೊನೆಯ ಅಂಶವನ್ನು ಕೆಲವು ವಕೀಲರೂ ಮರೆಯುತ್ತಾರೆ. ನೀವೇ ನೆನಪಿಸಿದರೆ ತಪ್ಪಿಲ್ಲ.

ದೋಷಿಗೆ 21 ವರ್ಷ ತುಂಬಿರದಿದ್ದರೆ 6ನೇ ಕಲಮು ಇನ್ನೂ ಬಲವಾದ ಆಧಾರ. ಅಪರಾಧ ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥದ್ದಲ್ಲದಿದ್ದರೆ, ದೋಷಿಯ ಹಿನ್ನೆಲೆ ವಿಚಾರಿಸುವ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು ನೋಡದೆ, ಕಾರಣಗಳನ್ನು ದಾಖಲಿಸದೆ, ನ್ಯಾಯಾಲಯವು ಅಂಥವರನ್ನು ಜೈಲಿಗೆ ಕಳುಹಿಸುವಂತಿಲ್ಲ. ವಯಸ್ಸನ್ನು ಲೆಕ್ಕ ಹಾಕುವುದು ಅಪರಾಧ ನಡೆದ ದಿನದಿಂದಲ್ಲ, ವಿಚಾರಣಾ ನ್ಯಾಯಾಲಯ ದೋಷಿಯೆಂದು ತೀರ್ಮಾನಿಸಿದ ದಿನದಿಂದ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಹುಡುಗನಿಗೆ ಇಪ್ಪತ್ತೊಂದು ಸಮೀಪಿಸುತ್ತಿರುವಾಗ ಅವನ ಕಡೆಯಿಂದಲೇ ವಾಯಿದೆ ಕೇಳುತ್ತಾ ಹೋಗುವುದು ಜಾಣತನವಲ್ಲ.

ಕೆಲವು ಕಡೆ ಈ ಕೋರಿಕೆ ನಿಲ್ಲುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳಲ್ಲಿ 18 ದಾಟಿದವರಿಗೆ ಪ್ರೊಬೇಷನ್ ಇಲ್ಲ. ಮಾದಕ ವಸ್ತುಗಳ ಕಾಯ್ದೆಯೂ ಸೇವನೆಯಂಥ ಒಂದೆರಡು ಅಪರಾಧಗಳನ್ನು ಬಿಟ್ಟರೆ ಹಾಗೆಯೇ ನಿರ್ಬಂಧಿಸುತ್ತದೆ. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದ ಪ್ರಕರಣಗಳಲ್ಲಿ ಉದಾರತೆ ಸಲ್ಲದು ಎಂದು 2000ದ ದಲ್ಬೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇನ್ನು ದಾಖಲೆಗಳ ವಿಚಾರ. ದೋಷಿಗೆ ಅಥವಾ ಅವನ ಜಾಮೀನುದಾರನಿಗೆ ನ್ಯಾಯಾಲಯದ ವ್ಯಾಪ್ತಿಯಲ್ಲಿ, ಇಲ್ಲವೇ ದೋಷಿ ಮುಂದೆ ವಾಸಿಸಲಿರುವ ಸ್ಥಳದಲ್ಲಿ, ಖಾಯಂ ವಾಸಸ್ಥಳ ಅಥವಾ ನಿಯಮಿತ ಉದ್ಯೋಗ ಇದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಯಾದಗಿರಿಯಿಂದ ಬೆಂಗಳೂರಿಗೆ ದುಡಿಯಲು ಬಂದವರು ಊರಿನ ಮನೆಯ ದಾಖಲೆಯನ್ನಾಗಲಿ ಇಲ್ಲಿನ ಕೆಲಸದ ಪತ್ರವನ್ನಾಗಲಿ ತೋರಿಸಬಹುದು. ಆಧಾರ್, ಪಡಿತರ ಚೀಟಿ, ಬಾಡಿಗೆ ಕರಾರು, ಮಾಲೀಕರ ಪತ್ರ, ಓದುತ್ತಿದ್ದರೆ ಕಾಲೇಜಿನ ಪ್ರಮಾಣಪತ್ರ, ಅವಲಂಬಿತರ ವೈದ್ಯಕೀಯ ದಾಖಲೆಗಳು, ಜಾಮೀನುದಾರರ ಪಹಣಿ ಇವನ್ನೆಲ್ಲ ಜೋಡಿಸಿ, ವಕೀಲರ ಮೂಲಕ ಲಿಖಿತ ಕೋರಿಕೆಯೊಂದಿಗೆ ಸಲ್ಲಿಸಿ. ನೊಂದವರಿಗೆ ಪರಿಹಾರ ಕೊಡಲು ಸಿದ್ಧರಿದ್ದರೆ ಅದನ್ನೂ ಬರೆಯಿರಿ. 5ನೇ ಕಲಮಿನಡಿ ನ್ಯಾಯಾಲಯ ಪರಿಹಾರಕ್ಕೆ ಆದೇಶಿಸಬಹುದು. ಬಾಯಿಮಾತಿನ ‘ಬಡವ ಸ್ವಾಮಿ, ದಯೆ ತೋರಿ’ ಎಂಬ ಬೇಡಿಕೆಗಿಂತ ಇಂಥ ಎರಡು ಪುಟಗಳ ಕಾಗದಕ್ಕೆ ತೂಕ ಹೆಚ್ಚು.

ನ್ಯಾಯಾಲಯ ವರದಿ ಕೇಳಿದರೆ, ಪ್ರೊಬೇಷನ್ ಅಧಿಕಾರಿ ದೋಷಿಯ ನಡತೆ, ಸಂದರ್ಭ ಮತ್ತು ಮನೆಯ ಪರಿಸರವನ್ನು ವಿಚಾರಿಸುತ್ತಾರೆ. ಅವರ ಮುಂದೆ ಕುಡಿತ, ಸಾಲ, ಜಗಳ ಯಾವುದನ್ನೂ ಮುಚ್ಚಿಡಬೇಡಿ. ನೆರೆಯವರಿಂದ ಅದು ಹೇಗೂ ತಿಳಿಯುತ್ತದೆ, ಆಗ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ವರದಿ ಗೋಪ್ಯವಾದರೂ ಅದರ ಸಾರಾಂಶವನ್ನು ದೋಷಿಗೆ ತಿಳಿಸಿ, ಪ್ರತಿಯಾಗಿ ಸಾಕ್ಷ್ಯ ಒದಗಿಸುವ ಅವಕಾಶವನ್ನು ನ್ಯಾಯಾಲಯ ಕೊಡಬಹುದು. ಅದನ್ನು ಕೇಳಿ ಪಡೆಯಿರಿ.

ಆದೇಶ ಸಿಕ್ಕ ಮೇಲೆ ಮುಚ್ಚಳಿಕೆಯ ಅವಧಿ ಗರಿಷ್ಠ 3 ವರ್ಷ. ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಿದರೆ ಅದು ಕನಿಷ್ಠ 1 ವರ್ಷ. ವಾಸಸ್ಥಳ ಮತ್ತು ಮದ್ಯಪಾನದ ಬಗ್ಗೆ ಷರತ್ತುಗಳಿರಬಹುದು. ಕೆಲಸಕ್ಕಾಗಿ ಊರು ಬದಲಿಸಬೇಕಾದರೆ, ಮೊದಲು 8ನೇ ಕಲಮಿನಡಿ ಷರತ್ತು ಮಾರ್ಪಡಿಸಲು ಅಧಿಕಾರಿಯ ಮೂಲಕ ಕೋರಿ, ಆಮೇಲೆ ಹೊರಡಿ. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲ ತಪ್ಪಿದವರಿಗೆ 50 ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸುವ ಅವಕಾಶವೂ ಇದೆ. 1958ರಿಂದ ಈ ಮೊತ್ತ ಬದಲಾಗಿಲ್ಲವೆಂದು ಅದನ್ನು ಹಗುರವಾಗಿ ಕಾಣಬೇಡಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯನ್ನು ತಂದಿದೆ. ಇದು ವೇತನವಿಲ್ಲದೆ ಸಮುದಾಯಕ್ಕಾಗಿ ಮಾಡುವ ಕೆಲಸ, ಮತ್ತು ಇದು ಶಿಕ್ಷೆಯೇ ಹೊರತು ಪ್ರೊಬೇಷನ್ ಅಲ್ಲ. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿನಲ್ಲಿ ಮೊದಲ ಸಲ ದೋಷಿಯಾದವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಹಾಗೆಯೇ ಕುಡಿದು ಸಾರ್ವಜನಿಕ ಸ್ಥಳದಲ್ಲಿ ಅಸಭ್ಯವಾಗಿ ವರ್ತಿಸಿದ, ಮಾನಹಾನಿ ಮಾಡಿದ ಪ್ರಕರಣಗಳಲ್ಲಿ ಇದನ್ನು ಕೋರಬಹುದು.

ಉದ್ಯೋಗದ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆಯನ್ನು 12ನೇ ಕಲಮು ತೆಗೆಯುತ್ತದೆ, ಆದರೆ ದೋಷಿಯೆಂಬ ತೀರ್ಮಾನ ಅಳಿಯುವುದಿಲ್ಲ. ನೌಕರನ ದುರ್ನಡತೆಗಾಗಿ ಇಲಾಖೆ ಪ್ರತ್ಯೇಕ ಕ್ರಮ ಕೈಗೊಳ್ಳಬಹುದು ಎಂದು 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ನಮೂನೆಯಲ್ಲಿ ದೋಷಿಯಾಗಿದ್ದಿರಾ ಎಂದು ಕೇಳಿದ್ದರೆ ನಿಜವನ್ನೇ ಬರೆದು, ಆದೇಶದ ದೃಢೀಕೃತ ನಕಲನ್ನು ಲಗತ್ತಿಸಿ.

ವಿಚಾರಣಾ ನ್ಯಾಯಾಲಯ ನಿರಾಕರಿಸಿದರೆ ಮೇಲ್ಮನವಿಯಲ್ಲೂ ಪ್ರೊಬೇಷನ್ ಕೋರಬಹುದು. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನಗಳ ಕಾಲಾವಕಾಶವಿದೆ. ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ ಮತ್ತು ಬಂಧನದಲ್ಲಿರುವವರಿಗೆ ಈ ನೆರವು ಉಚಿತ.