ಗ್ಯಾಸ್ ಒಲೆಗೊಂದು ಕೋಡೊಲೆ

ನಮ್ಮ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಅತ್ತೆಯ ಮಾತ್ರೆ, ಅಮಾವಾಸ್ಯೆ ಎಲ್ಲ ಅದರಲ್ಲೇ. ಸಿಲಿಂಡರ್ ಬದಲಾಯಿಸಿದ ದಿನ ಅದರಲ್ಲಿ ‘ಸಿ’ ಅಂತ ಬರೆಯುತ್ತೇನೆ. ಬೇಸಿಗೆಯಲ್ಲಿ ಒಂದು ‘ಸಿ’ಯಿಂದ ಇನ್ನೊಂದಕ್ಕೆ 45 ದಿನ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ 31 ದಿನಕ್ಕೇ ಒಲೆ ಆರಿಹೋಯಿತು. ಅದೂ ಬೆಳಗ್ಗೆ ಆರೂವರೆಗೆ, ಉಪ್ಪಿಟ್ಟಿಗೆ ರವೆ ಹುರಿಯುತ್ತಿರುವಾಗ.

“ಊರಲ್ಲಾಗಿದ್ರೆ ಕೋಡೊಲೆ ಇರ್ತಿತ್ತು” ಅಂದರು ಅತ್ತೆ, ಶಾಲು ಹೊದ್ದು ಕೂತಲ್ಲಿಂದಲೇ.

ಕೋಡೊಲೆ ನೋಡದವರಿಗೆ ಹೇಳುತ್ತೇನೆ. ನಮ್ಮದು ಚನ್ನರಾಯಪಟ್ಟಣದ ಕಡೆ ಹಳ್ಳಿ. ಅಲ್ಲಿ ಮಣ್ಣಿನ ಒಲೆಯ ಪಕ್ಕಕ್ಕೇ ಇನ್ನೊಂದು ಸಣ್ಣ ಒಲೆ ಅಂಟಿಕೊಂಡಿರುತ್ತದೆ. ಅದಕ್ಕೆ ಬೇರೆ ಸೌದೆ ಇಲ್ಲ. ದೊಡ್ಡ ಒಲೆಯ ಉರಿ ಒಳಗಿನ ಕಂಡಿಯಿಂದ ಅಲ್ಲಿಗೂ ಹೋಗುತ್ತದೆ. ಇತ್ತ ಎಸರು ಕುದಿಯುತ್ತಿದ್ದರೆ ಅತ್ತ ಕೋಡೊಲೆ ಮೇಲೆ ಬೇಳೆಯೋ ಹಾಲೋ ನಿಧಾನಕ್ಕೆ ಕಾಯುತ್ತಿರುತ್ತದೆ. ಅಡುಗೆ ಮುಗಿದ ಮೇಲೆ ಬೂದಿಯ ಕೆಂಡದಲ್ಲಿ ಎರಡು ಗೆಣಸು.

ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಕೋಡೊಲೆ ಕಟ್ಟೋಕಾಗಲ್ಲ. ಆದರೆ ಒಂದು ಸಲ ಹಚ್ಚಿದ ಬೆಂಕಿಯಿಂದ ಎರಡು ಕೆಲಸ ತೆಗೆಯಬಹುದು. ಎರಡು ಚಳಿಗಾಲದಿಂದ ನಾನು ಮಾಡುತ್ತಿರುವುದು ಇಷ್ಟೇ.

ಮೊದಲು ಸ್ನಾನದ ನೀರು

ಅಡುಗೆಗೆ ಬರುವ ಮುಂಚೆ ಇದನ್ನು ನೋಡಿ. ಚಳಿಗಾಲದಲ್ಲಿ ಗ್ಯಾಸ್ ಬೇಗ ಖಾಲಿ ಆಗುವುದು ಸಾರಿನಿಂದಲ್ಲ, ಸ್ನಾನದ ನೀರಿನಿಂದ. ಆ ವರ್ಷ ಗೀಸರ್ ಕೆಟ್ಟಿತ್ತು. ಅತ್ತೆಗೂ ನಮ್ಮನೆಯವರಿಗೂ ದಿನಾ ಒಂದೊಂದು ಬಕೆಟ್ ನೀರನ್ನು ಒಲೆ ಮೇಲೆಯೇ ಕಾಯಿಸುತ್ತಿದ್ದೆ. ಮಗ ಕೂತು ಲೆಕ್ಕ ಹಾಕಿದ. 20 ಲೀಟರ್ ತಣ್ಣೀರನ್ನು ಸ್ನಾನದ ಹದಕ್ಕೆ ತರಲು ಸುಮಾರು 65-70 ಗ್ರಾಂ ಗ್ಯಾಸ್ ಬೇಕು. ಒಬ್ಬರಿಗೆ ತಿಂಗಳಿಗೆ ಎರಡು ಕೆಜಿ. ಇಬ್ಬರಿಗೆ ನಾಲ್ಕು. ಸಿಲಿಂಡರ್‌ನಲ್ಲಿ ಇರುವುದೇ 14.2 ಕೆಜಿ! ಕ್ಯಾಲೆಂಡರ್‌ನಲ್ಲಿ ಕಳೆದುಹೋದ ದಿನಗಳೆಲ್ಲ ಬಚ್ಚಲಲ್ಲಿ ಹರಿದು ಹೋಗಿದ್ದವು.

ಅದೇ ನೀರಿಗೆ ರಾಡ್ ಹಾಕಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಸಾಕು. ಗೃಹಜ್ಯೋತಿ ಇದ್ದರೂ ನಿಮ್ಮ ಪಾಲಿನ ಯೂನಿಟ್ ಮೀರಿದರೆ ಬಿಲ್ ಬರುತ್ತದೆ, ಅದನ್ನು ಮರೆಯಬೇಡಿ. ರಾಡ್ ಬಳಸುವವರು ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಇದನ್ನು ಮನೆಯಲ್ಲಿ ಎಲ್ಲರಿಗೂ ಹತ್ತು ಸಲ ಹೇಳಿ, ಬೈಸಿಕೊಂಡರೂ ಪರವಾಗಿಲ್ಲ.

ಇನ್ನೊಂದು ದಾರಿ ಬಿಸಿಲು. ಕಪ್ಪು ಬಕೆಟ್‌ನಲ್ಲಿ ನೀರು ತುಂಬಿ, ಹಳೇ ಕಿಟಕಿಯ ಗಾಜು ಮುಚ್ಚಿ, ಬೆಳಗ್ಗೆ ಒಂಬತ್ತಕ್ಕೆ ತಾರಸಿಯಲ್ಲಿ ಇಡುತ್ತೇನೆ. ಮಧ್ಯಾಹ್ನ ಮೂರಕ್ಕೆ ಬೆಚ್ಚಗಾಗಿರುತ್ತದೆ. ಅತ್ತೆ ಮಾತ್ರ ಒಪ್ಪಲಿಲ್ಲ. ಸ್ನಾನ ಆಗದೆ ದೇವರ ಮುಂದೆ ನಿಲ್ಲುವವರಲ್ಲ ಅವರು. ಹಾಗಾಗಿ ಬಿಸಿಲಿನ ನೀರು ಪಾತ್ರೆ ತೊಳೆಯೋಕೆ, ಸಂಜೆ ಕಾಲೇಜಿಂದ ಬರುವ ಮಗನ ಸ್ನಾನಕ್ಕೆ. ಅತ್ತೆಗೆ ರಾಡ್.

ಕುಕ್ಕೆಯೇ ಕೋಡೊಲೆ

ಒಂದು ದೊಡ್ಡ ಬಿದಿರಿನ ಕುಕ್ಕೆ ತಗೊಳ್ಳಿ. ಇಲ್ಲದಿದ್ದರೆ ರಟ್ಟಿನ ಡಬ್ಬವೂ ಆಗುತ್ತದೆ. ತಳಕ್ಕೆ ನಾಲ್ಕು ಮಡಿಕೆ ಕಂಬಳಿ ಹಾಸಿ. ಸುತ್ತ ಹಳೇ ಸೀರೆ, ಸ್ವೆಟರ್ ತುರುಕಿ, ನಡುವೆ ಒಂದು ಪಾತ್ರೆ ಬಿಗಿಯಾಗಿ ಕೂರುವಷ್ಟು ಗುಂಡಿ ಬಿಡಿ. ಮೇಲೆ ಮುಚ್ಚಲು ಒಂದು ದಪ್ಪ ದಿಂಬು. ಅಷ್ಟೇ.

ಹುರುಳಿಕಾಳಿನಲ್ಲಿ ಶುರು ಮಾಡಿ. ರಾತ್ರಿ ನೆನೆಹಾಕಿದ ಒಂದು ಪಾವು ಹುರುಳಿಯನ್ನು ಬೆಳಗ್ಗೆ ನಾಲ್ಕರಷ್ಟು ನೀರಿನಲ್ಲಿ ಕುದಿಯಲು ಇಡಿ. ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಚೆನ್ನಾಗಿ ಕುದಿಯಲಿ. ಒಲೆ ಆರಿಸಿದ ತಕ್ಷಣ, ಮುಚ್ಚಳ ತೆಗೆಯದೆ, ಪಾತ್ರೆಯನ್ನು ಹಾಗೇ ಕುಕ್ಕೆಗೆ ಇಳಿಸಿ ದಿಂಬು ಒತ್ತಿ. ಮೂರು ಗಂಟೆ ಬಿಟ್ಟು ತೆಗೆದರೆ ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವ ಹಾಗೆ ಬೆಂದಿರುತ್ತದೆ. ಕಟ್ಟು ಬಸಿದು ಸಾರು ಮಾಡುವಾಗ ಇನ್ನೊಮ್ಮೆ ಚೆನ್ನಾಗಿ ಕುದಿಸಿ.

ನಾನು ಮೊದಲ ಸಲ ಮಾಡಿದ ತಪ್ಪು, ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದ್ದು. ಪ್ರತಿ ಸಲವೂ ಬಿಸಿಯೆಲ್ಲ ಹಬೆಯಾಗಿ ಹೋಗಿ ಹುರುಳಿ ಕಟಕಟ ಅನ್ನುತ್ತಿತ್ತು. ಎರಡನೇ ಸಲದ್ದು ಅದಕ್ಕಿಂತ ದೊಡ್ಡದು. ರಾತ್ರಿ ಇಟ್ಟು ಮರೆತು ಮಲಗಿದೆ. ಬೆಳಗ್ಗೆ ತೆಗೆದರೆ ಉಗುರುಬೆಚ್ಚಗೆ, ಹುಳಿ ವಾಸನೆ. ಪೂರ್ತಿ ಚೆಲ್ಲಬೇಕಾಯಿತು. ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಆಮೇಲೆ ತೆಗೆಯಲೇಬೇಕು. ಪಾತ್ರೆಯೂ ಮುಕ್ಕಾಲು ಭಾಗ ತುಂಬಿರಲಿ, ತಳದಲ್ಲಿ ಒಂದಿಷ್ಟೇ ಇದ್ದರೆ ಬೇಗ ಆರುತ್ತದೆ. ರಾಜ್ಮಾ ಮಾತ್ರ ಇದರಲ್ಲಿ ಬೇಡ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ಅದಕ್ಕೆ ಕುಕ್ಕರೇ ಸರಿ.

ಅನ್ನಕ್ಕೂ ಕುಕ್ಕೆ ಆಗುತ್ತದೆ. ಅಕ್ಕಿ ಐದಾರು ನಿಮಿಷ ಕುದ್ದ ಮೇಲೆ ಇಳಿಸಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಅನ್ನ. ನಮ್ಮನೆಯವರಿಗೆ ಇದು ಸ್ವಲ್ಪ ಮೆತ್ತಗಾಯಿತು. ಅವರಿಗೆ ಉದುರುದುರು ಬೇಕು.

ಕುಕ್ಕರ್ ಬಗ್ಗೆ ಎರಡೇ ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಅದಕ್ಕೇ ಕಾಳುಗಳು ಬರೀ ಪಾತ್ರೆಯಲ್ಲಿ ಸತಾಯಿಸುವುದು, ಕುಕ್ಕರ್ ಇಷ್ಟು ಉಪಯೋಗಕ್ಕೆ ಬರುವುದು. ಆದರೆ ಕೂಗು ಎಣಿಸುತ್ತಾ ಕೂರಬೇಡಿ. ಮೊದಲ ಕೂಗು ಬಂದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ. ಆಮೇಲಿನ ಕೂಗೆಲ್ಲ ಸುಮ್ನೆ ಹೊರಗೆ ಹೋಗುವ ಬಿಸಿ. ಆರಿಸಿದ ಮೇಲೂ ಒಳಗೆ ಬೇಯುತ್ತಲೇ ಇರುತ್ತದೆ, ವೆಯ್ಟ್ ಎತ್ತಿ ಹಬೆ ಬಿಡಬೇಡಿ.

ಎರಡು ಕೆಜಿ ಅವರೆಕಾಯಿ

ಈಗ ಅಸಲು ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ಅವರೆಕಾಯಿ ಇರುವಾಗ ಬೇರೆ ತರಕಾರಿಗೆ ದುಡ್ಡು ಹಾಕುವುದು ನನಗೆ ಆಗದ ಮಾತು.

ಮಾಗಡಿ ಕಡೆಯಿಂದ ಗೋಣಿಚೀಲದಲ್ಲಿ ತಂದು ರಸ್ತೆ ಬದಿ ಸುರಿದುಕೊಂಡು ಕೂತಿರುತ್ತಾರಲ್ಲ, ಅವರ ಹತ್ತಿರ ಕಾಯಿಯನ್ನೇ ತಗೊಳ್ಳಿ. ಬಿಡಿಸಿದ ಕಾಳಿಗೆ ಕೊಡುವ ದುಡ್ಡು ಬಿಡಿಸಿದವರ ಬೆರಳಿನ ಕೂಲಿ, ಅದು ನ್ಯಾಯವೇ. ಆದರೆ ಸಂಜೆ ನಮ್ಮ ಬೆರಳುಗಳೂ ಟೀವಿ ಮುಂದೆ ಖಾಲಿ ಇರುತ್ತವೆ ಅಲ್ವಾ? ಜೊತೆಗೆ, ಒಂದು ಸಲ ಸಂಜೆ ಅಗ್ಗಕ್ಕೆ ಸಿಕ್ಕಿತು ಅಂತ ಹಿತಕಿದ ಬೇಳೆ ತಂದೆ. ಪ್ಯಾಕೆಟ್ ಬಿಚ್ಚಿದರೆ ಕಾಲು ಭಾಗ ನೀರು.

ಕಾಯಿ ಆರಿಸುವಾಗ ಕೈಗೆ ತಗೊಂಡು ಉಜ್ಜಿ ಮೂಸಿ. ಕೈಗೆ ಜಿಡ್ಡು ಹತ್ತಬೇಕು, ಸೊಗಡು ಹೊಡೆಯಬೇಕು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಬೆಳೆಯುವವರು ಹೇಳುತ್ತಾರೆ, ನನ್ನ ಮೂಗೂ ಅದನ್ನೇ ಹೇಳುತ್ತದೆ. ಸಿಪ್ಪೆ ಮೇಲೆ ಕಾಳಿನ ಉಬ್ಬು ಕಾಣಬೇಕು. ಹುಳ ಒಂದೆರಡು ಇದ್ದೇ ಇರುತ್ತದೆ, ಅದಕ್ಕೆ ಕಿರುಚುವ ಅಗತ್ಯವಿಲ್ಲ.

ಎರಡು ಕೆಜಿ ಕಾಯಿಗೆ ಹತ್ತಿರ ಹತ್ತಿರ ಮುಕ್ಕಾಲು ಕೆಜಿ ಕಾಳು ಬರುತ್ತದೆ. ಬಿಡಿಸುವಾಗಲೇ ಎರಡು ಬಟ್ಟಲು ಇಟ್ಟುಕೊಳ್ಳಿ. ಎಳೇದು ಒಂದಕ್ಕೆ, ಬಲಿತು ದಪ್ಪಗಿರುವುದು ಇನ್ನೊಂದಕ್ಕೆ. ಸಿಪ್ಪೆ ನಮ್ಮ ಬೀದಿಯ ಹಸುಗಳಿಗೆ. ಹಸು ಸಾಕಿದವರು ಆಗಾಗ ಒಂದು ಲೋಟ ಗಿಣ್ಣು ಹಾಲು ಕೊಟ್ಟಿದ್ದುಂಟು.

ಮೊದಲ ದಿನ ಬಸ್ಸಾರು. ಇದಕ್ಕಿಂತ ಒಳ್ಳೆಯ ಕೋಡೊಲೆ ಅಡುಗೆ ನನಗೆ ಗೊತ್ತಿಲ್ಲ. ಒಂದು ಸಲ ಬೇಯಿಸಿದರೆ ಸಾರೂ ಆಯಿತು, ಪಲ್ಯವೂ ಆಯಿತು. ಎಳೇ ಕಾಳು ಎರಡು ಹಿಡಿ ಬದಿಗಿಟ್ಟು, ಉಳಿದ ಎಳೇದನ್ನು ಉಪ್ಪು ಹಾಕಿ, ಮುಳುಗುವುದಕ್ಕಿಂತ ನಾಲ್ಕು ಬೆರಳು ಜಾಸ್ತಿ ನೀರಿಟ್ಟು ಬೇಯಿಸಿ. ಮುಕ್ಕಾಲು ಬೆಂದಾಗ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ. ಬೆಂದ ಮೇಲೆ ಕಟ್ಟು ಬಸಿದು ತೆಗೆಯಿರಿ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು ಬಾಡಿಸಿ. ಅದಕ್ಕೆ ಸ್ವಲ್ಪ ಕಾಯಿತುರಿ, ಹುಣಸೆಹಣ್ಣು, ಬೆಂದ ಕಾಳಿನದೇ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಈ ಒಂದು ಸೌಟು ಕಾಳು ಹಾಕಿದರೆ ತೆಂಗಿನಕಾಯಿ ಅರ್ಧಕ್ಕರ್ಧ ಉಳಿಯುತ್ತದೆ, ಸಾರೂ ಗಟ್ಟಿ ಬರುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಕಲಸಿ ಕುದಿಸಿ. ಕಟ್ಟು ಇನ್ನೂ ಬಿಸಿ ಇರುವಾಗಲೇ ಇದನ್ನು ಮಾಡಿ, ಆರಿಸಿ ಮತ್ತೆ ಕಾಯಿಸಿದರೆ ಉಳಿಸಿದ್ದೇನು? ಅದೇ ಬಾಣಲೆಯಲ್ಲಿ, ತೊಳೆಯದೆ, ಸಾಸಿವೆ ಒಗ್ಗರಣೆ ಹಾಕಿ ಬಸಿದ ಕಾಳು-ಸೊಪ್ಪು ತಿರುವಿದರೆ ಪಲ್ಯ. ಪಕ್ಕದಲ್ಲಿ ಬಿಸಿ ಮುದ್ದೆ. ಮರುದಿನ ಈ ಸಾರು ಇನ್ನೂ ಚೆನ್ನಾಗಿರುತ್ತದೆ.

ಬಲಿತ ಕಾಳನ್ನು ಅದೇ ರಾತ್ರಿ ನೆನೆಹಾಕಿ. ಚಳಿಯಲ್ಲಿ ತಣ್ಣೀರಿಗೆ ಬೇಗ ನೆನೆಯಲ್ಲ, ಪಾತ್ರೆ ತೊಳೆಯಲು ತಂದ ಬೆಚ್ಚನೆ ನೀರಲ್ಲ ಮತ್ತೆ, ಕುಡಿಯುವ ನೀರನ್ನೇ ಉಗುರುಬೆಚ್ಚಗೆ ಮಾಡಿ ಹಾಕಿ. ಬೆಳಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ. ಕೈಯನ್ನು ಬಟ್ಟಲಿನ ಒಳಗೇ ಇಟ್ಟು ಹಿತುಕಿ, ಇಲ್ಲದಿದ್ದರೆ ಫ್ರಿಜ್ ಕೆಳಗೆ ಹುಡುಕಬೇಕಾಗುತ್ತದೆ. ಇದು ಅತ್ತೆಯ ಕೆಲಸ. ಬಿಸಿಲಲ್ಲಿ ಕೂತು ಮಾಡುತ್ತಾರೆ, ಬೇರೆಯವರು ಮಾಡಿದರೆ ಅವರಿಗೆ ಸಮಾಧಾನ ಇಲ್ಲ. ಹಿತಕಿದ ಬೇಳೆ ಸಾರು ಎರಡು ಹೊತ್ತಿಗೆ ಬರುತ್ತದೆ. ಸಂಜೆ ಉಳಿದಿದ್ದರೆ ದೋಸೆಗೆ.

ಬದಿಗಿಟ್ಟ ಎರಡು ಹಿಡಿ ಎಳೇ ಕಾಳು ಮೂರನೇ ದಿನದ ಅಕ್ಕಿರೊಟ್ಟಿಗೆ. ಕಾಳನ್ನು ಮೊದಲೇ ಬೇಯಿಸಿಕೊಂಡು, ಅದರ ಬಿಸಿನೀರಿನಲ್ಲೇ ಹಿಟ್ಟು ಕಲಸಿ. ಇಲ್ಲೊಂದು ಗುಟ್ಟು. ತವಾ ಮೇಲೇ ತಟ್ಟುವವರು ಪ್ರತಿ ರೊಟ್ಟಿಗೂ ತವಾಕ್ಕೆ ನೀರು ಸುರಿದು ಆರಿಸುತ್ತಾರೆ. ಕಾಯಿಸಿದ್ದನ್ನು ಆರಿಸಿ ಮತ್ತೆ ಕಾಯಿಸುವುದು! ಬಾಳೆಎಲೆ ಮೇಲೆ ಎಣ್ಣೆ ಸವರಿ ತಟ್ಟಿ, ಎಲೆ ಸಮೇತ ಬಿಸಿ ತವಾಕ್ಕೆ ಬೋರಲು ಹಾಕಿ. ಅರ್ಧ ನಿಮಿಷಕ್ಕೆ ಎಲೆ ತಾನೇ ಬಿಡುತ್ತದೆ. ಒಂದೇ ಎಲೆಯಲ್ಲಿ ಐದಾರು ರೊಟ್ಟಿ ಆಗುತ್ತದೆ.

ದೋಸೆ ಹಿಟ್ಟು ಉಬ್ಬದಿದ್ದರೆ, ಮೊಸರು ಹೆಪ್ಪಾಗದಿದ್ದರೆ

ಸೋಡಾ ಹಾಕಬೇಡಿ. ಬೇಸಿಗೆಯಲ್ಲಿ ಸಂಜೆ ಏಳಕ್ಕೆ ರುಬ್ಬುತ್ತಿದ್ದರೆ ಚಳಿಯಲ್ಲಿ ಮೂರಕ್ಕೇ ರುಬ್ಬಿ. ಉಪ್ಪು ಬೆಳಗ್ಗೆ ಹಾಕಿ. ಹುರುಳಿ ತೆಗೆದ ಮೇಲೆ ಕುಕ್ಕೆ ಇನ್ನೂ ಬೆಚ್ಚಗಿರುತ್ತದೆ, ಹಿಟ್ಟಿನ ಪಾತ್ರೆ ಅದರಲ್ಲಿ ಇಡಿ. ಪಾತ್ರೆಯಲ್ಲಿ ಅರ್ಧ ಜಾಗ ಖಾಲಿ ಇರಲಿ, ಇಲ್ಲದಿದ್ದರೆ ಕಂಬಳಿಗೂ ದೋಸೆ.

ಮೊಸರಿಗೆ ಹಾಲು ಬೇಸಿಗೆಗಿಂತ ಸ್ವಲ್ಪ ಜಾಸ್ತಿ ಬಿಸಿ ಇರಬೇಕು, ಬೆರಳು ಇಟ್ಟರೆ ಹತ್ತು ಎಣಿಸುವಷ್ಟು ತಡೆಯುವ ಬಿಸಿ. ಹೆಪ್ಪು ಒಂದು ಚಮಚದ ಬದಲು ಒಂದೂವರೆ. ಕುಕ್ಕೆಯಲ್ಲಿ ಹಿಟ್ಟು ಇದ್ದರೆ ಮೊಸರಿನ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಡಿ. ಮುಚ್ಚಳ ಭದ್ರ ಇರಲಿ, ಯಾಕೆ ಅಂತ ಕೇಳಬೇಡಿ.

ಸಂಕ್ರಾಂತಿಗೆ ಮುಂಚೆ

ಎಳ್ಳುಬೆಲ್ಲವನ್ನು ಪ್ಯಾಕೆಟ್‌ನಲ್ಲಿ ತರುವುದು ನನಗೆ ಸರಿ ಬರುವುದಿಲ್ಲ. ಕೊಬ್ಬರಿ, ಬೆಲ್ಲ ಡಿಸೆಂಬರ್‌ನಲ್ಲೇ ತಂದಿಟ್ಟು ದಿನಾ ಸ್ವಲ್ಪ ಸ್ವಲ್ಪ ಹೆಚ್ಚುತ್ತೇನೆ. ಎರಡು ದಿನ ತಾರಸಿ ಬಿಸಿಲು, ಬಕೆಟ್ ಪಕ್ಕದಲ್ಲೇ.

ಕಡಲೆಬೀಜ, ಎಳ್ಳು ಹುರಿಯಲು ಬೇರೆ ಒಲೆ ಹಚ್ಚುವುದಿಲ್ಲ. ಅಕ್ಕಿರೊಟ್ಟಿ ಮುಗಿದಾಗ ನಮ್ಮ ಕಬ್ಬಿಣದ ತವಾ ಕೆಂಡದ ಹಾಗಿರುತ್ತದೆ. ಎಣ್ಣೆ ಒರೆಸಿ, ಸಣ್ಣ ಉರಿಯಲ್ಲಿ ಕಡಲೆಬೀಜ ಹಾಕಿ ಕೈಯಾಡಿಸುತ್ತಾ ಹುರಿಯಿರಿ. ಸಿಪ್ಪೆ ಬಿರುಕು ಬಿಟ್ಟಾಗ ತೆಗೆದು ಒಲೆ ಆರಿಸಿ. ಈಗ ಎಳ್ಳು ಹಾಕಿ. ಉಳಿದ ಬಿಸಿಗೇ ಅದು ಚಟಪಟ ಅನ್ನುತ್ತದೆ. ಸದ್ದು ನಿಂತ ಕೂಡಲೇ ಪೇಪರ್ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಬೆಲ್ಲದ ಜೊತೆ ಕಲಸಿ. ಬಿಸಿಯಲ್ಲೇ ಕಲಸಿದರೆ ಬೆಲ್ಲ ಕರಗಿ ಎಲ್ಲ ಒಂದು ಉಂಡೆ ಆಗುತ್ತದೆ. ಹಾಗಾದರೂ ಬಿಸಾಡಬೇಡಿ, ಮಕ್ಕಳು ಕಡಿಯುತ್ತಾರೆ.